ಹೆಸರಿನ ತಾಳೆ

ಹಳೆಯ ಮೈಸೂರು ಸೀಮೆಯ ಕಚೇರಿಗಳಲ್ಲಿ ‘ಉಮೇದುವಾರ’ನೆಂಬ ಒಬ್ಬ ವ್ಯಕ್ತಿಯಿರುತ್ತಿದ್ದ. ನಮ್ಮ ತಾತಂದಿರ ತಲೆಮಾರಿನವರು ಅವನನ್ನು ಚೆನ್ನಾಗಿ ಬಲ್ಲರು. ಅವನಿಗೆ ಸಂಬಳವಿಲ್ಲ, ಇದ್ದರೂ ಇಲ್ಲವೆನ್ನುವಷ್ಟು. ಗುಮಾಸ್ತರ ಪಕ್ಕದಲ್ಲಿ ಕುಳಿತು ಕಾಗದಗಳನ್ನು ನಕಲು ಮಾಡುತ್ತ, ಕಡತಗಳನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ, ಇಂದಲ್ಲ ನಾಳೆ ಒಂದು ಜಾಗ ತೆರವಾದೀತೆಂಬ ಆಸೆಯಿಂದ ಆತ ಕೆಲಸ ಕಲಿಯುತ್ತಿದ್ದ. ಉಮೇದು ಎಂದರೆ ಆಸೆ, ಹುರುಪು. ಆ ಶಬ್ದ ಈಗ ಕಚೇರಿಯನ್ನು ಬಿಟ್ಟು ಚುನಾವಣೆಯ ಕಣಕ್ಕೆ ಹೋಗಿ ಸೇರಿಕೊಂಡಿದೆ. ಆದರೆ ಆ ಮನುಷ್ಯ ಮಾತ್ರ ಎಲ್ಲಿಗೂ ಹೋಗಿಲ್ಲ. ಕೊರಳಲ್ಲಿ ಗುರುತಿನ ಚೀಟಿ ಇಳಿಬಿಟ್ಟುಕೊಂಡು, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ ಹೊತ್ತು, ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾನೆ. ಅವನಿಗೆ ಈಗ ‘ಇಂಟರ್ನ್’ ಎಂದು ಹೆಸರು.

ನಾನು ಜಿಲ್ಲಾ ಕೇಂದ್ರವೊಂದರ ಹೊರವಲಯದಲ್ಲಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಇಂಥ ಕಾಲೇಜಿನಲ್ಲಿ ಕನ್ನಡದ ಉಪನ್ಯಾಸಕನ ಸ್ಥಾನವೇನೆಂಬುದನ್ನು ಬಲ್ಲವರು ಬಲ್ಲರು. ಮೊದಲ ವರ್ಷದಲ್ಲಿ ಒಂದು ಕ್ರೆಡಿಟ್ಟಿನ ಪಾಠ. ವಾರಕ್ಕೆ ಒಂದು ಗಂಟೆ. ಅದನ್ನು ದಾಟಿದ ಮೇಲೆ ವಿದ್ಯಾರ್ಥಿಗಳಿಗೂ ನನಗೂ ಇರುವ ಸಂಬಂಧವೆಂದರೆ ಕಂಡಾಗ ಒಂದು ನಮಸ್ಕಾರ, ನವೆಂಬರಿನಲ್ಲಿ ಒಂದು ರಾಜ್ಯೋತ್ಸವ. ಅವರು ತರಬೇತಿಗೆಂದು ಕಂಪನಿಗೋ ಬ್ಯಾಂಕಿಗೋ ಹೋಗುವುದು, ಬರುವುದು, ಸರ್ಟಿಫಿಕೇಟು ಒಪ್ಪಿಸುವುದು, ಇವೆಲ್ಲ ನನ್ನ ಕಿವಿಗೆ ಬೀಳುತ್ತಿದ್ದದ್ದು ಕ್ಯಾಂಟೀನಿನ ಮಾತುಕತೆಯಲ್ಲಿ ಮಾತ್ರ. ಅಲ್ಲಿ ಕನ್ನಡಕ್ಕೇನು ಕೆಲಸ, ಕನ್ನಡದ ಮೇಷ್ಟರಿಗೇನು ಕೆಲಸ ಎಂದು ನಾನು ನಿಶ್ಚಿಂತನಾಗಿದ್ದೆ. ಈ ನಿಶ್ಚಿಂತೆಯನ್ನು ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಡಿಸಿದಳು. ಅದು ಕೆಟ್ಟದ್ದು ಒಳ್ಳೆಯದೇ ಆಯಿತೆಂದು ಈಗ ನನಗನ್ನಿಸುತ್ತದೆ. ಆ ಮಾತನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಬರಹ.

ಆಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆಸರಿನ ದೆಸೆಯಿಂದ ಆಕೆ ಈಗಾಗಲೇ ಪಟ್ಟ ಪಾಡು ಸಾಕು. ಅರಸೀಕೆರೆಯ ಕಡೆಯ ಹಳ್ಳಿಯವಳು. ತಂದೆಗೆ ಸ್ವಲ್ಪ ತೆಂಗಿನ ತೋಟ; ತಾಯಿ ಡೈರಿಗೆ ಹಾಲು ಹಾಕುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೊನೆಯ ವರ್ಷದಲ್ಲಿ, ಹೊರದೇಶದಲ್ಲಿ ಮೂಲವುಳ್ಳ ದೊಡ್ಡದೊಂದು ಬ್ಯಾಂಕಿನ ಬೆಂಗಳೂರು ಕಚೇರಿಯಲ್ಲಿ, ಅದರ ತಂತ್ರಜ್ಞಾನ ವಿಭಾಗದಲ್ಲಿ, ಹತ್ತು ವಾರಗಳ ತರಬೇತಿಗೆ ಆಯ್ಕೆಯಾದಳು. ಕಾಲೇಜಿಗೆ ಸಂತೋಷ; ಮನೆಗೆ ಅದಕ್ಕಿಂತ ಹೆಚ್ಚಿನ ಸಂತೋಷ. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಬ್ಯಾಂಕಿನವರು ಅಭ್ಯರ್ಥಿಯ ದಾಖಲೆಗಳನ್ನು ತಾಳೆ ನೋಡುತ್ತಾರಷ್ಟೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಆಕೆಯ ಹೆಸರಿನ ನಡುವೆ ಇಂಗ್ಲಿಷಿನ ಒಂದು ‘ಎಚ್’ ಇತ್ತು. ನಮ್ಮ ಕಾಲೇಜಿನ ದಾಖಲೆಯಲ್ಲಿ ಇರಲಿಲ್ಲ. ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ಆಧಾರವೇನು ಎಂದು ಕಾಗದ ಬಂತು. ಛಾಪಾ ಕಾಗದ, ನೋಟರಿ, ಪ್ರಮಾಣಪತ್ರ ಎಂದು ಒಂದು ವಾರ ಅಲೆದು, ಎಲ್ಲರಿಗಿಂತ ಏಳು ದಿನ ತಡವಾಗಿ ಆಕೆ ಕೆಲಸಕ್ಕೆ ಸೇರಿದಳು.

ಆ ‘ಎಚ್’ ಎಲ್ಲಿ ಹೋಯಿತು? ಹಿಂದೆ ತಿರುಗಿ ಹುಡುಕಿದಾಗ ಉತ್ತರ ದೊರೆತದ್ದು ನನ್ನ ಮೇಜಿನ ಮೇಲೆಯೇ. ಆಕೆ ಪ್ರವೇಶ ಪಡೆದ ವರ್ಷ ಪ್ರವೇಶ ಸಮಿತಿಯಲ್ಲಿ ನಾನಿದ್ದೆ. ಹೆಸರುಗಳ ಪಟ್ಟಿಯನ್ನು ಕಂಪ್ಯೂಟರಿಗೆ ತುಂಬಿದವರಲ್ಲಿ ನಾನೂ ಒಬ್ಬ. ಆ ಪುಟ ನನ್ನದು. ಉತ್ತರಪತ್ರಿಕೆಯಲ್ಲಿ ಮಹಾಪ್ರಾಣ ಬಿಟ್ಟುಹೋದರೆ ಅಂಕ ಕಳೆಯುವ ಹಠವಾದಿ ನಾನು. ಅಂಥವನು ಒಬ್ಬ ಹುಡುಗಿಯ ಹೆಸರಿನಿಂದ ಮಹಾಪ್ರಾಣವನ್ನೇ ಕಿತ್ತುಹಾಕಿದ್ದೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ಹೆಸರೆಂಬ ಗೌರವವೇ ನನ್ನ ಬೆರಳಿಗೆ ಇರಲಿಲ್ಲ. ಆಕೆ ಇದನ್ನು ನನಗೆ ದೂರಿನಂತೆ ಹೇಳಲಿಲ್ಲ, ನಗುತ್ತಲೇ ಹೇಳಿದಳು. ದೂರಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ತರಬೇತಿ ಮುಗಿಸಿ ಬಂದವಳನ್ನು ನಾನು ಕುತೂಹಲದಿಂದಲೂ ಸ್ವಲ್ಪ ಪಾಪಪ್ರಜ್ಞೆಯಿಂದಲೂ ಕೂರಿಸಿಕೊಂಡು ಕೇಳಿದೆ: “ಹತ್ತು ವಾರ ಏನಮ್ಮಾ ಮಾಡಿದೆ?” ಆಕೆ ಮೊದಲು ಹೇಳಿದ ನಾಲ್ಕು ವಾಕ್ಯಗಳಲ್ಲಿ ಕ್ರಿಯಾಪದವೊಂದನ್ನುಳಿದು ಕನ್ನಡದ ಶಬ್ದವೇ ಇರಲಿಲ್ಲ. “ನಿಮ್ಮ ಅಜ್ಜಿಗೆ ಹೇಳುವ ಹಾಗೆ ಹೇಳು” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಹೇಳಿದಳು: “ಹೆಸರು ತಾಳೆ ನೋಡ್ತಿದ್ದೆ ಸರ್.”

ಬ್ಯಾಂಕಿನ ಒಳಗುಟ್ಟು ಯಾವುದನ್ನೂ ಆಕೆ ನನಗೆ ಹೇಳಲಿಲ್ಲ. ಹೇಳುವುದಿಲ್ಲವೆಂದು ಮೊದಲ ದಿನವೇ ರುಜು ಹಾಕಿಸಿಕೊಂಡಿದ್ದರಂತೆ. ಹೇಳಿದ್ದೆಲ್ಲ ಪುಸ್ತಕಗಳಲ್ಲಿ ಸಿಕ್ಕುವ ವಿಚಾರ, ಮತ್ತು ಆಕೆಯ ಸ್ವಂತ ಅನುಭವ. ಮೊದಲ ಎರಡು ವಾರ ಆಕೆಗೆ ಮಾಡಲು ಏನೂ ಇರಲಿಲ್ಲ. ಬ್ಯಾಂಕಿನ ಯಂತ್ರಗಳೊಳಗೆ ಪ್ರವೇಶಿಸಲು ಹತ್ತಾರು ಅನುಮತಿಗಳು ಬೇಕು. ಒಂದೊಂದು ಅನುಮತಿಗೂ ಒಬ್ಬೊಬ್ಬರ ಒಪ್ಪಿಗೆ ಬೇಕು. ಆ ಅವಧಿಯಲ್ಲಿ ಹಳೆಯ ಟಿಪ್ಪಣಿಗಳನ್ನು ಓದಿದಳು. ಬೆಳಿಗ್ಗೆ ಒಂದು ಸಭೆ. ಪ್ರತಿಯೊಬ್ಬರೂ ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ನಿಮಿಷ ಹೇಳಬೇಕು. ಆ ಒಂದು ನಿಮಿಷಕ್ಕಾಗಿ ರಾತ್ರಿಯೆಲ್ಲ ವಾಕ್ಯ ಕಟ್ಟಿಕೊಂಡು ಹೋಗುತ್ತಿದ್ದೆನೆಂದು ಆಕೆ ಹೇಳಿದಳು. ಹೊಸ ತಂತ್ರಜ್ಞಾನವನ್ನು ಕಾಣುತ್ತೇನೆಂದು ಹೋದವಳಿಗೆ ಅಲ್ಲಿ ಕಂಡದ್ದು ಬಹುಮಟ್ಟಿಗೆ ಹಳೆಯದರ ಆರೈಕೆ. ಜಗತ್ತಿನ ಅನೇಕ ದೊಡ್ಡ ಬ್ಯಾಂಕುಗಳಲ್ಲಿ ಇಂದಿಗೂ ಲೆಕ್ಕದ ಒಳಮನೆಯನ್ನು ನಡೆಸುತ್ತಿರುವುದು 1959ರಲ್ಲಿ ರೂಪುಗೊಂಡ ಕೋಬಾಲ್ ಎಂಬ ಗಣಕಭಾಷೆ. ಮುಂಬಾಗಿಲಿಗೆ ಹೊಸ ಬಣ್ಣ. ಅಡುಗೆಮನೆಯಲ್ಲಿ ಅಜ್ಜಿಯ ಕಾಲದ ಒಲೆ.

ಮೂರನೆಯ ವಾರ ಆಕೆಗೆ ಕೆಲಸ ಕೊಟ್ಟರು. ಎರಡು ಪಟ್ಟಿಗಳಲ್ಲಿರುವ ಹೆಸರುಗಳನ್ನು ಹೋಲಿಸಿ, ಅವು ಒಬ್ಬರವೇ ಬೇರೆಯವರವೇ ಎಂದು ಹೇಳುವ ಕಾರ್ಯಕ್ರಮವನ್ನು ಪರೀಕ್ಷಿಸಿ ಉತ್ತಮಪಡಿಸುವುದು. ಇದು ಬ್ಯಾಂಕಿಗೇಕೆ ಬೇಕು ಎಂದು ನಾನು ಕೇಳಿದೆ. ಬೇಕಾಗದ ಕಡೆಯೇ ಇಲ್ಲವಂತೆ. ಹಣ ಕಳುಹಿಸಿದವರು ಬರೆದ ಹೆಸರೂ ಖಾತೆಯಲ್ಲಿರುವ ಹೆಸರೂ ಒಂದೇ ಎಂದು ನೋಡಬೇಕು. ಒಬ್ಬರೇ ಮನುಷ್ಯರು ಎರಡು ಕಡೆ ಎರಡು ಬಗೆಯಾಗಿ ಸೇರಿದ್ದರೆ ಒಂದುಗೂಡಿಸಬೇಕು. ಅಪರಾಧಿಗಳ ಪಟ್ಟಿಯಲ್ಲಿರುವವರು ಒಳಗೆ ಬಾರದಂತೆ ತಡೆಯಬೇಕು. ನಮ್ಮ ದೇಶದಲ್ಲಿ ನೆಫ್ಟ್ ಮತ್ತು ಆರ್‌ಟಿಜಿಎಸ್ ಮೂಲಕ ಹಣ ಕಳುಹಿಸುವವರಿಗೆ ಪಡೆಯುವವರ ಹೆಸರನ್ನು ಮುಂಚಿತವಾಗಿಯೇ ತೋರಿಸುವ ಏರ್ಪಾಡನ್ನು 2025ರ ಏಪ್ರಿಲ್ 1ರೊಳಗೆ ಮಾಡಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿತು. ಅಂಕಿಯೊಂದನ್ನೇ ನಂಬಿದರೆ ಸಾಲದು, ಹೆಸರೂ ಕಣ್ಣಿಗೆ ಬೀಳಬೇಕೆಂಬುದು ಇದರ ಅರ್ಥ. ದೇಶದೇಶಗಳ ನಡುವೆ ಬ್ಯಾಂಕುಗಳ ಸಂದೇಶ ಸಾಗಿಸುವ ಸ್ವಿಫ್ಟ್ ಸಂಸ್ಥೆ ಸ್ಥಾಪನೆಯಾದದ್ದು 1973ರಲ್ಲಿ. ಅದರ ಹಳೆಯ ಸಂದೇಶಗಳಲ್ಲಿ ಹೆಸರು ಮತ್ತು ವಿಳಾಸಕ್ಕೆ ದೊರೆಯುತ್ತಿದ್ದದ್ದು 35 ಅಕ್ಷರಗಳ ನಾಲ್ಕು ಸಾಲು. ಅದೂ ರೋಮನ್ ಅಕ್ಷರಗಳಲ್ಲಿ ಮಾತ್ರ. ಜಗತ್ತಿನ ಯಾವ ಮೂಲೆಯ ಮನುಷ್ಯನಾದರೂ ಆ ಬಾಗಿಲಿನ ಮೂಲಕವೇ ತಲೆ ಬಗ್ಗಿಸಿ ಹೋಗಬೇಕಾಗಿತ್ತು.

ಹಾಗಾದರೆ ಯಂತ್ರ ಹೆಸರುಗಳನ್ನು ಹೇಗೆ ಹೋಲಿಸುತ್ತದೆ? ಪ್ರಸಿದ್ಧವಾದ ಎರಡು ವಿಧಾನಗಳನ್ನು ಆಕೆ ನನಗೆ ವಿವರಿಸಿದಳು. ಒಂದು, 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಎಂಬವರು ಪೇಟೆಂಟು ಪಡೆದ ‘ಸೌಂಡೆಕ್ಸ್’. ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಸಮೀಪದ ಉಚ್ಚಾರಣೆಯ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು ಅದರ ಕ್ರಮ. ಮಕಾರಕ್ಕೂ ನಕಾರಕ್ಕೂ ಅದರಲ್ಲಿ 5ರ ಅಂಕಿಯೇ. ಆ ನಾಡಿನ ಹೆಸರುಗಳಿಗೆಂದು ಹುಟ್ಟಿದ ಈ ವಿದ್ಯೆಯ ಮುಂದೆ ನಮ್ಮ ರಾಮು, ರಾಣಿ, ರಾಮಯ್ಯ ಈ ಮೂವರನ್ನೂ ನಿಲ್ಲಿಸಿದರೆ ಮೂವರಿಗೂ ಅದು ಕೊಡುವ ಗುರುತು ಒಂದೇ: ‘ಆರ್ 500’. ಜ್ಞಾನೇಶನಾದರೋ, ಇಂಗ್ಲಿಷಿನಲ್ಲಿ ‘ಜಿ’ಯಿಂದ ಬರೆದುಕೊಂಡರೆ ಒಬ್ಬ, ‘ಜೆ’ಯಿಂದ ಬರೆದುಕೊಂಡರೆ ಇನ್ನೊಬ್ಬ. ಇನ್ನೊಂದು ವಿಧಾನ 1965ರಲ್ಲಿ ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ನಿರೂಪಿಸಿದ ಅಂತರದ ಲೆಕ್ಕ. ಒಂದು ಶಬ್ದವನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರಗಳನ್ನು ತೆಗೆಯಬೇಕು, ಸೇರಿಸಬೇಕು, ಬದಲಿಸಬೇಕು ಎಂಬುದರ ಎಣಿಕೆ ಅದು. ಎಣಿಕೆ ಕಡಮೆಯಾದಷ್ಟೂ ಹೆಸರುಗಳು ಹತ್ತಿರ.

ಈ ಎಣಿಕೆಯನ್ನು ನೋಡುತ್ತಿದ್ದಾಗಲೇ ಆಕೆಗೆ ಒಂದು ವಿಚಿತ್ರ ಕಂಡಿತು. ತರಬೇತಿಯವರಿಗೆ ನಿಜವಾದ ಗ್ರಾಹಕರ ಹೆಸರುಗಳನ್ನು ಮುಟ್ಟಗೊಡುವುದಿಲ್ಲ. ಕಲ್ಪಿತ ಹೆಸರುಗಳನ್ನು ತುಂಬಿ ಪರೀಕ್ಷಿಸಬೇಕು. ಬೇರೆಯವರು ಯಾವ ಯಾವುದೋ ಹೆಸರು ತುಂಬುತ್ತಿದ್ದರೆ ಈಕೆ ತನ್ನ ಹಳ್ಳಿಯ ಕಡೆ ಕೇಳಿಬರುವ ಹೆಸರುಗಳನ್ನು ತುಂಬಿದಳು. ಲಕ್ಷ್ಮಮ್ಮ ಎಂಬ ಹೆಸರು ಕನ್ನಡದಲ್ಲಿ ಒಂದೇ. ಇಂಗ್ಲಿಷಿನಲ್ಲಿ ಅದನ್ನು ‘ಕೆ-ಎಸ್-ಎಚ್’ ಹಾಕಿಯೂ ಬರೆಯುತ್ತಾರೆ, ಬರಿಯ ‘ಎಕ್ಸ್’ ಹಾಕಿಯೂ ಬರೆಯುತ್ತಾರೆ. ಈ ಎರಡು ಬರಹಗಳ ನಡುವಣ ಅಂತರವನ್ನು ಯಂತ್ರ ಮೂರು ಎಂದು ಎಣಿಸಿತು. ಆದರೆ ಲಕ್ಷ್ಮಮ್ಮನಿಗೂ ಲಕ್ಷ್ಮಣ್ಣನಿಗೂ ನಡುವೆ ಅಂತರವೆಷ್ಟು? ಎರಡು ‘ಎಂ’ ಹೋಗಿ ಎರಡು ‘ಎನ್’ ಬಂದರಾಯಿತು, ಅಂತರ ಎರಡೇ. ಎಂದರೆ ಯಂತ್ರದ ದೃಷ್ಟಿಯಲ್ಲಿ ಲಕ್ಷ್ಮಮ್ಮ ತನಗೆ ತಾನು ಎಷ್ಟು ಹತ್ತಿರವೋ ಅದಕ್ಕಿಂತ ಲಕ್ಷ್ಮಣ್ಣನಿಗೆ ಹೆಚ್ಚು ಹತ್ತಿರ!

ಮರುದಿನದ ಸಭೆಯಲ್ಲಿ ಆಕೆ ಮೊದಲ ಸಲ ಕಟ್ಟಿಕೊಂಡು ಹೋಗದ ವಾಕ್ಯಗಳನ್ನು ಆಡಿದಳು. ಅಮ್ಮ, ಅಣ್ಣ, ಅಪ್ಪ, ಅಯ್ಯ ಇವು ನಮ್ಮಲ್ಲಿ ಹೆಸರಿನ ಬಾಲವಲ್ಲ, ಜೀವ. ಅಲ್ಲಿ ಒಂದಕ್ಷರ ಬದಲಾದರೂ ಮನುಷ್ಯರೇ ಬದಲಾಗುತ್ತಾರೆ. ಆದರೆ ‘ಕ್ಷ’ವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೂ ಮನುಷ್ಯರು ಬದಲಾಗುವುದಿಲ್ಲ. ಹೆಸರಿನ ಹಿಂದಿರುವ ಇನಿಷಿಯಲ್ ಊರಿನದೋ ತಂದೆಯದೋ ಆಗಿರಬಹುದು. ಅದು ಒಮ್ಮೆ ಮುಂದೆ ಬರುತ್ತದೆ, ಒಮ್ಮೆ ಹಿಂದೆ ಹೋಗುತ್ತದೆ. ಮನೆತನದ ಹೆಸರೆಂಬುದು ಅನೇಕರಿಗೆ ಇಲ್ಲವೇ ಇಲ್ಲ. ಇಷ್ಟನ್ನು ಹೇಳಿದಾಗ ಆಕೆಯ ಮೇಲಿನವರು, ತಮಿಳುನಾಡಿನ ಕಡೆಯ ಹಿರಿಯ ಇಂಜಿನಿಯರೊಬ್ಬರು, ಗಟ್ಟಿಯಾಗಿ ನಕ್ಕರಂತೆ. ಅವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ತುಂಬಲು ತಂದೆಯ ಹೆಸರನ್ನು ಹಾಕಿದ್ದರು. ಹೊರದೇಶಕ್ಕೆ ಹೋದಾಗಲೆಲ್ಲ ಜನ ಅವರನ್ನು ಅವರ ತಂದೆಯ ಹೆಸರಿನಿಂದಲೇ ಕರೆಯುತ್ತಿದ್ದರಂತೆ. “ಹಾಗಾದರೆ ನೀನೇ ಸರಿಮಾಡು” ಎಂದು ಆ ಕೆಲಸವನ್ನು ಆಕೆಗೇ ಒಪ್ಪಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ರಾಜ್ಯೋತ್ಸವದ ಭಾಷಣವಾಗುತ್ತಿತ್ತು. ಮುಗಿಯಲಿಲ್ಲ. ಆಕೆ ಉತ್ಸಾಹದಿಂದ ಇನಿಷಿಯಲ್ಲುಗಳನ್ನೆಲ್ಲ ಬದಿಗಿಟ್ಟು ಹೋಲಿಸುವಂತೆ ಮಾಡಿದಳು. ಬಿಟ್ಟುಹೋಗುತ್ತಿದ್ದ ಅನೇಕ ಹೆಸರುಗಳು ತಾಳೆಯಾದವು. ಆದರೆ ಕೆ. ರಾಮಯ್ಯನೂ ಎಂ. ರಾಮಯ್ಯನೂ ಒಂದಾಗಿಬಿಟ್ಟರು. ಹಿರಿಯರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಈ ಇಬ್ಬರಲ್ಲಿ ಒಬ್ಬರ ಹಣ ಇನ್ನೊಬ್ಬರಿಗೆ ಸೇರಿದರೆ ಯಾರಿಗೆ ಉತ್ತರ ಹೇಳುತ್ತೀಯ?” ಒಬ್ಬರನ್ನು ಇಬ್ಬರೆಂದರೆ ಒಬ್ಬ ಮುದುಕಿಯ ಹಣ ನಿಲ್ಲುತ್ತದೆ, ಇಬ್ಬರನ್ನು ಒಬ್ಬರೆಂದರೆ ಒಬ್ಬ ಮುದುಕನ ಹಣ ಹೋಗುತ್ತದೆ. ಒಂದು ತಪ್ಪನ್ನು ಕಡಮೆ ಮಾಡಹೊರಟರೆ ಇನ್ನೊಂದು ಬೆಳೆಯುತ್ತದೆ. ಉಳಿದ ವಾರಗಳನ್ನು ಆಕೆ ಕಳೆದದ್ದು ಈ ಎರಡರ ನಡುವಣ ಇಕ್ಕಟ್ಟಿನಲ್ಲಿ. ಕೊನೆಗೆ ಆಕೆಯ ಕಾರ್ಯಕ್ರಮ ಹೆಸರುಗಳನ್ನು ಎರಡರ ಬದಲು ಮೂರು ರಾಶಿಯಾಗಿ ವಿಂಗಡಿಸಿತು: ಒಬ್ಬರೇ, ಬೇರೆಯವರು, ಸಂದೇಹ. ಮೂರನೆಯ ರಾಶಿಯನ್ನು ಮನುಷ್ಯರೊಬ್ಬರು ಕಣ್ಣಿಟ್ಟು ನೋಡಬೇಕು. “ಯಂತ್ರಕ್ಕೆ ‘ಗೊತ್ತಿಲ್ಲ’ ಅನ್ನೋದನ್ನ ಕಲಿಸೋಕೇ ನನಗೆ ನಾಲ್ಕು ವಾರ ಹಿಡೀತು ಸರ್” ಎಂದಳು ಆಕೆ.

ಈ ಮಾತನ್ನು ಕೇಳಿ ನಾನು ಬೆಚ್ಚಿದೆನೆಂದರೆ ಅತಿಶಯೋಕ್ತಿಯಲ್ಲ. ಏಕೆಂದರೆ ಈ ವಿದ್ಯೆಯನ್ನು ನಾನು ಓದಿದ್ದೆ! ಎಂ.ಎ. ತರಗತಿಯಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಮುಂದಿಟ್ಟುಕೊಂಡು ನಾವು ಕಲಿತದ್ದು ಇದನ್ನೇ ಅಲ್ಲವೆ? ಒಂದೇ ಕಾವ್ಯದ ಹಲವು ಓಲೆಪ್ರತಿಗಳು; ಪ್ರತಿಗೊಂದು ಪಾಠ. ಇಲ್ಲಿ ಅಕ್ಷರ ಬದಲಾದದ್ದು ಲಿಪಿಕಾರನ ಕೈತಪ್ಪಿನಿಂದಲೋ, ಅವನ ಸೀಮೆಯ ಉಚ್ಚಾರಣೆಯಿಂದಲೋ, ಅಥವಾ ಇದು ನಿಜವಾಗಿಯೂ ಬೇರೆಯೇ ಪಾಠವೋ? ಎಲ್ಲವನ್ನೂ ಒಂದುಮಾಡುವ ಆತುರದ ಸಂಪಾದಕ ಕವಿಯನ್ನು ಕೊಲ್ಲುತ್ತಾನೆ. ಎಲ್ಲವನ್ನೂ ಬೇರೆಯೆನ್ನುವ ಅಂಜುಬುರುಕ ಓದುಗನನ್ನು ಕೊಲ್ಲುತ್ತಾನೆ. ಒಳ್ಳೆಯ ಸಂಪಾದಕನು ತನಗೆ ತಿಳಿಯದ ಕಡೆ ಒಂದು ಪ್ರಶ್ನೆಯ ಗುರುತು ಹಾಕಿ ಮುಂದಕ್ಕೆ ಸಾಗುತ್ತಾನೆ. ಓಲೆಗರಿಯ ಮುಂದೆ ಕುಳಿತ ಪಂಡಿತನೂ ಗಾಜಿನ ಕಟ್ಟಡದಲ್ಲಿ ಕುಳಿತ ಈ ಹುಡುಗಿಯೂ ಮಾಡಿದ ಕೆಲಸ ಒಂದೇ. ನನ್ನ ಶಾಸ್ತ್ರದ ಒಂದು ಅಧ್ಯಾಯ ಬ್ಯಾಂಕಿನ ಯಂತ್ರಾಗಾರದಲ್ಲಿ ಬೇರೊಂದು ಹೆಸರಿನಿಂದ ಬದುಕುತ್ತಿರುವುದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ತಿಳಿಯುವುದಾದರೂ ಹೇಗೆ?

ಇದೆಲ್ಲ ಬರಿಯ ಬೌದ್ಧಿಕ ವಿನೋದವೆಂದು ಯಾರಾದರೂ ಭಾವಿಸಿಯಾರು. ಆಕೆಯ ಮನೆಯಲ್ಲೇ ಅದಕ್ಕೆ ಉತ್ತರವಿತ್ತು. ಆಕೆ ಬೆಂಗಳೂರಿನಲ್ಲಿ ಹೆಸರುಗಳನ್ನು ತಾಳೆ ನೋಡುತ್ತಿದ್ದ ದಿನಗಳಲ್ಲಿಯೇ ಊರಿನಲ್ಲಿ ಆಕೆಯ ಅಜ್ಜಿಗೆ ಬರುತ್ತಿದ್ದ ವೃದ್ಧಾಪ್ಯದ ಮಾಸಾಶನ ನಿಂತುಹೋಯಿತು. ಆಧಾರ್ ಚೀಟಿಯಲ್ಲಿ ಒಂದು ಬಗೆ, ಪಾಸುಪುಸ್ತಕದಲ್ಲಿ ಇನ್ನೊಂದು ಬಗೆ, ಎರಡೂ ಇಂಗ್ಲಿಷಿನಲ್ಲಿ. ಆಧಾರ್ ಚೀಟಿಯ ಮೇಲೆ ಹೆಸರು ಕನ್ನಡದಲ್ಲಿಯೂ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ತಾಳೆ ನೋಡುವುದು ಅದನ್ನಲ್ಲ. ಬ್ಯಾಂಕಿನ ಶಾಖೆಯಲ್ಲಿ ಕುಳಿತ ತರುಣ, ಅವನೂ ಒಳ್ಳೆಯವನೇ, “ಅಜ್ಜಿ, ಇದರಲ್ಲಿ ನಿಮ್ಮ ಸರಿಯಾದ ಹೆಸರು ಯಾವುದು?” ಎಂದು ಕೇಳಿದನಂತೆ. ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ಎರಡು ಕಾಗದಗಳನ್ನೂ ತಿರುಗಿಸಿ ನೋಡಿ, “ನಾನೇ ಇಲ್ಲಿ ನಿಂತಿದೀನಲ್ಲಪ್ಪ, ನನ್ನ ಹೆಸರು ಕಾಗದಾನ ಕೇಳ್ತೀಯಲ್ಲ” ಎಂದರಂತೆ. ನಾಲ್ಕು ತಿಂಗಳು ಹಣ ಬರಲಿಲ್ಲ. ನಾಲ್ಕು ತಿಂಗಳ ಮಾಸಾಶನವೆಂದರೆ ನಮಗೆ ಒಂದು ದಿನದ ಪ್ರವಾಸದ ಖರ್ಚು. ಆಕೆಗೆ ರಕ್ತದೊತ್ತಡದ ಮಾತ್ರೆ, ಎಲೆಯಡಿಕೆ, ಮೊಮ್ಮಕ್ಕಳ ಕೈಗಿಡುವ ಹತ್ತು ರೂಪಾಯಿ. ಹಣಕ್ಕಿಂತ ಹೆಚ್ಚಾಗಿ, ನೀನು ನೀನಲ್ಲವೆಂದು ಹೇಳಿಸಿಕೊಂಡ ಅವಮಾನ.

ಬ್ಯಾಂಕೆಂಬುದು ನಮ್ಮ ನಾಡಿಗೆ ಹೊಸತಲ್ಲ. ಕೆನರಾ ಬ್ಯಾಂಕಿನ ಮೂಲಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿದ್ದು 1906ರಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು ಹುಟ್ಟಿದ್ದು 1913ರಲ್ಲಿ. (ಅವರ ಹೆಸರನ್ನಾದರೂ ಇಂಗ್ಲಿಷಿನಲ್ಲಿ ನಾವೆಲ್ಲ ಒಂದೇ ಬಗೆಯಾಗಿ ಬರೆಯುತ್ತೇವೆಯೆ? ನಾಮಫಲಕಗಳನ್ನು ನೋಡಿದವರು ಹೇಳಲಿ.) ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿದಾಗ ದಿನಕ್ಕೆ ಎರಡಾಣೆ ಕೂಡಿಡುವವರ ಬಾಗಿಲಿಗೂ ಬ್ಯಾಂಕಿನ ಮನುಷ್ಯ ಹೋಗುತ್ತಿದ್ದ. ಹೂವಾಡಗಿತ್ತಿಯ ಹೆಸರಿನ ಕಾಗುಣಿತ ಅವನಿಗೆ ಬೇಕಿರಲಿಲ್ಲ, ಆಕೆಯನ್ನೇ ಬಲ್ಲವನಾಗಿದ್ದ. ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಸೇರಿ ತಮ್ಮ ಹೆಸರುಗಳನ್ನೇ ಕಳೆದುಕೊಂಡವು. ಬ್ಯಾಂಕುಗಳ ಹೆಸರೇ ಉಳಿಯದ ಮೇಲೆ ಹೂವಾಡಗಿತ್ತಿಯ ಹೆಸರಿನ ಪಾಡೇನು ಎಂದು ನಿಟ್ಟುಸಿರು ಬಿಡುವುದು ಸುಲಭ.

ಆದರೆ ಹಳೆಯದನ್ನು ಹೊಗಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಹೆಸರಿನಿಂದ ಮನುಷ್ಯನನ್ನು ಬಲ್ಲ ಕಾಲ ಜಾತಿಯಿಂದಲೂ ಬಲ್ಲ ಕಾಲವಾಗಿತ್ತು. ಊರಿನ ಸಾಹುಕಾರನೂ ಪ್ರತಿಯೊಬ್ಬರನ್ನೂ ಬಲ್ಲವನೇ. ಯಾರನ್ನು ಜಗಲಿಯ ಮೇಲೆ ಕೂರಿಸಬೇಕು, ಯಾರನ್ನು ಅಂಗಳದಲ್ಲಿ ನಿಲ್ಲಿಸಬೇಕು ಎಂಬುದನ್ನೂ ಬಲ್ಲವನು. ಯಂತ್ರ ಯಾರನ್ನೂ ಅಂಗಳದಲ್ಲಿ ನಿಲ್ಲಿಸುವುದಿಲ್ಲ. ಅದಕ್ಕೆ ಯಾರ ಮುಖವೂ ಗೊತ್ತಿಲ್ಲವೆಂಬುದು ಅದರ ದೋಷವೂ ಹೌದು, ಗುಣವೂ ಹೌದು. ಈ ಹುಡುಗಿಯ ಅಜ್ಜಿಯ ಹೆಸರಿನಲ್ಲಿ ಖಾತೆಯೊಂದು ಇರುವುದೇ ಯಂತ್ರದ ಕಾಲದ ಕೊಡು. ಆದ್ದರಿಂದ ಯಂತ್ರವನ್ನು ಬೈಯುವುದು ನನ್ನ ವಾದವಲ್ಲ. ಅದಕ್ಕೆ ನಮ್ಮನ್ನು ಸರಿಯಾಗಿ ಪರಿಚಯಿಸುವವರು ಯಾರು ಎಂಬುದು ನನ್ನ ಪ್ರಶ್ನೆ.

ಪರಿಚಯಿಸಬೇಕಾದವರು ಇಂಥ ವಿದ್ಯಾರ್ಥಿಗಳೇ. ಆದರೆ ನಾವು ಅವರನ್ನು ಹೇಗೆ ಕಳುಹಿಸುತ್ತಿದ್ದೇವೆ? ನಿನ್ನ ಹಳ್ಳಿ, ನಿನ್ನ ಭಾಷೆ, ನಿನ್ನ ಅಜ್ಜಿಯ ಹೆಸರು ಇವನ್ನೆಲ್ಲ ಕಚೇರಿಯ ಗೇಟಿನಲ್ಲಿ ಬಿಟ್ಟು ಒಳಗೆ ಹೋಗು ಎಂದು ಹೇಳಿ ಕಳುಹಿಸುತ್ತಿದ್ದೇವೆ. ಬಾಯಿಬಿಟ್ಟು ಹೇಳುವುದಿಲ್ಲ, ನಾಲ್ಕು ವರ್ಷದ ನಮ್ಮ ನಡವಳಿಕೆಯೇ ಹೇಳುತ್ತದೆ. ಈ ಹುಡುಗಿಗೆ ಎರಡು ವಾರ ಬಾಯಿಕಟ್ಟಿದ್ದದ್ದು ಇಂಗ್ಲಿಷ್ ಬಾರದ್ದರಿಂದಲ್ಲ; ತನಗೆ ಗೊತ್ತಿರುವುದು ಅಲ್ಲಿ ಬೇಕಾಗುವ ಜ್ಞಾನವಲ್ಲವೆಂಬ ನಂಬಿಕೆಯಿಂದ. ಬೇಕಾದದ್ದು ಅದೇ ಆಗಿತ್ತು.

ಹಾಗೆಂದು ಸರ್ವರಿಗೊಂದು, ಪಾಸ್‌ವರ್ಡಿಗೊಂದು ಸಂಸ್ಕೃತ ಸಮಾಸವನ್ನು ಕಟ್ಟಿಕೊಟ್ಟರೆ ಕನ್ನಡ ಉದ್ಧಾರವಾಯಿತೆಂದು ನಾನು ಹೇಳುತ್ತಿಲ್ಲ. ಸರ್ವರ್ ಸರ್ವರಾಗಿಯೇ ಇರಲಿ. ಕನ್ನಡ ಬಲ್ಲವರೆಲ್ಲ ಒಳ್ಳೆಯ ಇಂಜಿನಿಯರುಗಳಾಗುತ್ತಾರೆಂದೂ ಹೇಳುತ್ತಿಲ್ಲ. ಆ ಹಿರಿಯ ಇಂಜಿನಿಯರು ತಡೆಯದಿದ್ದರೆ ಈಕೆಯ ಕನ್ನಡಪ್ರೇಮ ಇಬ್ಬರು ರಾಮಯ್ಯಂದಿರನ್ನು ಒಂದು ಮಾಡಿಬಿಡುತ್ತಿತ್ತು. ನಾನು ಕೇಳುವುದು ಎರಡೇ ಸಂಗತಿ.

ಒಂದು, ತರಬೇತಿಗೆ ಹೋಗಿ ಬಂದ ವಿದ್ಯಾರ್ಥಿ ಇಂಗ್ಲಿಷಿನ ವರದಿಯನ್ನು ಒಪ್ಪಿಸುವಂತೆಯೇ, ತಾನು ಮಾಡಿದ್ದೇನೆಂಬುದನ್ನು ಅರ್ಧ ಗಂಟೆ ಕನ್ನಡದಲ್ಲಿ, ಕಿರಿಯ ತರಗತಿಯವರ ಮುಂದೆ ಹೇಳಲಿ. ಇದು ಭಾಷಾಭಿಮಾನದ ಶಾಸ್ತ್ರವಲ್ಲ, ತಿಳಿವಳಿಕೆಯ ಪರೀಕ್ಷೆ. ಇಂಗ್ಲಿಷಿನ ವರದಿಯಲ್ಲಿ ಅರ್ಥವಾಗದ ಶಬ್ದದ ಹಿಂದೆ ಬಚ್ಚಿಟ್ಟುಕೊಳ್ಳಬಹುದು. ಅಜ್ಜಿಗೆ ಹೇಳುವ ಮಾತಿನಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಅಂಥ ತರಗತಿಯಿಂದ ಕಲಿಯುವವರಲ್ಲಿ ಕನ್ನಡದ ಉಪನ್ಯಾಸಕನೇ ಮೊದಲಿಗನಾಗುತ್ತಾನೆಂಬುದಕ್ಕೆ ನಾನೇ ಸಾಕ್ಷಿ.

ಎರಡು, ಕಾಲೇಜುಗಳ ದಾಖಲೆಯಲ್ಲಿ ವಿದ್ಯಾರ್ಥಿಯ ಹೆಸರು ಕನ್ನಡದಲ್ಲಿಯೂ ಇರಲಿ, ಅವರು ತಾವೇ ಬರೆದುಕೊಟ್ಟಂತೆ ಇರಲಿ. ಕಂಪ್ಯೂಟರಿಗೆ ಕನ್ನಡ ಬಾರದೆಂಬ ನೆಪ ಈಗ ನಡೆಯದು. ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ಕೊಡುವ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಮನೆಯಿದೆ. ಚೆಕ್ಕನ್ನು ಕನ್ನಡದಲ್ಲಿ ಬರೆಯಲು ಗ್ರಾಹಕನಿಗೆ ಅವಕಾಶವಿದೆ. ನೋಟಿನ ಹಿಂಬದಿಯ 15 ಭಾಷೆಗಳ ಸಾಲಿನಲ್ಲಿ ಕನ್ನಡವೂ ಇದೆ. ಮನೆ ಕಟ್ಟಿ ಮುಗಿದಿದೆ. ಒಳಗೆ ಹೋಗಿ ದೀಪ ಹಚ್ಚುವವರಿಲ್ಲ.

ಆ ಬ್ಯಾಂಕು ಆಕೆಗೆ ಕೆಲಸ ಕೊಟ್ಟಿತೆ ಎಂದು ವಾಚಕರು ಕೇಳಬಹುದು. ಕೊಡಲಿಲ್ಲ. ಆ ವರ್ಷ ಜಾಗಗಳು ಕಡಮೆಯಿದ್ದವಂತೆ. ಒಳ್ಳೆಯ ಮಾತಿನ ಒಂದು ಪತ್ರ ಕೊಟ್ಟು ಕಳುಹಿಸಿದರು. ಆಕೆಯ ಕಾರ್ಯಕ್ರಮವನ್ನು ಉಪಯೋಗಿಸುತ್ತಿದ್ದಾರೋ ಇಲ್ಲವೋ ಆಕೆಗೆ ತಿಳಿಯದು. ಹಳೆಯ ಉಮೇದುವಾರನ ಪಾಡೂ ಇದೇ ಆಗಿತ್ತು. ಆಕೆ ಈಗ ಬೇರೆ ಕಡೆ ಪ್ರಯತ್ನಿಸುತ್ತಿದ್ದಾಳೆ. ಅಜ್ಜಿಯ ಮಾಸಾಶನ ಮತ್ತೆ ಬರುತ್ತಿದೆ. ಹಿಂದಿನ ಬಾಕಿ ಇನ್ನೂ ಬಂದಿಲ್ಲ.

ಹೊರಡುವ ಮುನ್ನ ಒಂದು ದಿನ ಆಕೆಯನ್ನು ನನ್ನ ಮೊದಲ ವರ್ಷದ ತರಗತಿಗೆ ಕರೆದೊಯ್ದೆ. ಲಕ್ಷ್ಮಮ್ಮ ಲಕ್ಷ್ಮಣ್ಣರ ಕಥೆ ಕೇಳಿ ಹುಡುಗರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಹೆಸರಿನ ಕಥೆ ಹೇಳತೊಡಗಿದರು: ಒಬ್ಬನಿಗೆ ವಿದ್ಯಾರ್ಥಿವೇತನ ನಿಂತಿತ್ತು, ಒಬ್ಬಳ ತಂದೆಯ ಪಹಣಿಯಲ್ಲಿ ಹೆಸರು ತಪ್ಪಿತ್ತು. ಆ ಒಂದು ಗಂಟೆಯಲ್ಲಿ ಯಾರೂ ಗಡಿಯಾರ ನೋಡಲಿಲ್ಲ. ಕೊನೆಗೆ ನಾನು ಹಾಜರಿ ಪುಸ್ತಕವನ್ನು ಬೆಂಚಿನಿಂದ ಬೆಂಚಿಗೆ ಕಳುಹಿಸಿ, ಇಂಗ್ಲಿಷಿನ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಲು ಹೇಳಿದೆ. ಪುಸ್ತಕ ತಿರುಗಿ ಬಂದಾಗ ಎಣಿಸಿದೆ. ಆ ಒಂದು ಪುಟದಲ್ಲಿ ನಾನು ಜೂನಿನಿಂದ ತಪ್ಪಾಗಿ ಕೂಗುತ್ತ ಬಂದಿದ್ದ ಹೆಸರುಗಳು ಏಳು. ಅವರಲ್ಲಿ ಒಬ್ಬರೂ ನನ್ನನ್ನು ತಿದ್ದಿರಲಿಲ್ಲ. ತಪ್ಪು ಹೆಸರಿಗೇ “ಪ್ರೆಸೆಂಟ್ ಸರ್” ಎನ್ನುತ್ತ ಬಂದಿದ್ದರು.